ಪಾಪ, ಪಾಪ್ಪಾ

ಆ ಸೋಮವಾರ ಬೆಳಗ್ಗೆ ನಮ್ಮ ಬೀದಿಗೆ ಒಳ್ಳೆ ನೀರು ಬಂತು. ತಿರುಪ್ಪೂರಿನವರಿಗೆ ಇಷ್ಟು ಹೇಳಿದರೆ ಸಾಕು. ಬೇರೆಯವರಿಗೆ ವಿವರಿಸಬೇಕು. ಇಲ್ಲಿ ಎರಡು ಥರದ ನೀರು. ಬೋರಿನ ಉಪ್ಪುನೀರು ಸದಾ ಇರುತ್ತದೆ. ಕುಡಿಯುವ ನೀರು ಮಾತ್ರ ತನಗೆ ಮನಸ್ಸು ಬಂದ ದಿನ ಬರುತ್ತದೆ, ಅದೂ ಕಾಗೆ ಏಳುವ ಮೊದಲು. ಬಂದಾಗ ಎದುರು ಮನೆಯ ಅವ್ವ ನಮ್ಮ ಗೇಟನ್ನು ಚೊಂಬಿನಿಂದ ಬಡಿಯುತ್ತಾರೆ. ಆವತ್ತೂ ಬಡಿದರು.

“ಅಮ್ಮಿಣಿ, ನೀರ್ ಬಂದದೆ! ಕೊಡ ನೀ ತೂಕ್‌ಬ್ಯಾಡ, ಅವನ್ನ ಎಬ್ಬಿಸು!”

ಅಮ್ಮಿಣಿ ಅಂದರೆ ನಾನು. ಈ ಕಡೆಯ ಹಿರಿಯರು ಹೆಣ್ಣುಮಕ್ಕಳನ್ನೆಲ್ಲ ಹಾಗೆಯೇ ಕರೆಯುತ್ತಾರೆ. ಎಬ್ಬಿಸಬೇಕಾದವರು ನನ್ನ ಗಂಡ. ಆದರೆ ಇವರು ಆಗಲೇ ಎದ್ದು, ಪಂಚೆ ಮೇಲೆ ಕಟ್ಟಿ, ನಲ್ಲಿಯ ಹತ್ತಿರ ನಿಂತಿದ್ದರು. ರಾತ್ರಿ ಇಬ್ಬರೂ ಸರಿಯಾಗಿ ಮಲಗಿರಲಿಲ್ಲ. ಇವರು ಒಂದೊಂದೇ ಕೊಡ ತಂದು ಅಡುಗೆಮನೆಯ ಡ್ರಮ್ಮಿಗೆ ಸುರಿದರು. ಕೊನೆಯಲ್ಲಿ ಒಂದು ಬಾಟಲಿಗೆ ಹಿಡಿದು, ಆಸ್ಪತ್ರೆಗೆ ಒಯ್ಯುವ ಚೀಲದ ಪಕ್ಕದ ಜೇಬಿನಲ್ಲಿಟ್ಟರು. ನಾನು ಒಲೆಯ ಮುಂದೆ ನಿಂತು ಮಗಳ ಡಬ್ಬಿಗೆ ನಿಂಬೆಹಣ್ಣಿನ ಚಿತ್ರಾನ್ನ ಕಲಸುತ್ತಿದ್ದೆ. ನನಗೆ ಮಾತ್ರ ಹಿಂದಿನ ರಾತ್ರಿಯಿಂದ ಒಂದು ಹನಿಯೂ ಬಾಯಿಗೆ ಹಾಕುವಂತಿರಲಿಲ್ಲ. ಹೆರಿಗೆಗೆ ಹೊಟ್ಟೆ ಕೊಯ್ಯುವ ದಿನ ಬಾಯಿಗೆ ಬೀಗ. ನೀರು ಡ್ರಮ್ಮಿಗೆ ಬೀಳುವ ಸದ್ದು ಅಷ್ಟು ರುಚಿಯಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಒಲೆ ಒರೆಸಿದೆ. ನಮ್ಮ ಮನೆಯಲ್ಲಿ ಒರೆಸುವುದಕ್ಕೆಲ್ಲ ಬನಿಯನ್ ಕತ್ತರಿಸಿ ಉಳಿದ ತುಂಡುಗಳೇ. ಆವತ್ತು ಕೈಗೆ ಸಿಕ್ಕಿದ್ದು ಅರಿಶಿನ ಬಣ್ಣದ್ದು, ಯಾವುದೋ ಮಗುವಿನ ಟೀಶರ್ಟಿನ ತೋಳಿನ ಆಕಾರ. ಶುಭವೋ ಅಶುಭವೋ ಎಂದು ಒಂದು ಗಳಿಗೆ ಯೋಚಿಸಿ, ಒಲೆ ಒರೆಸಿ, ಹಿಂಡಿ ಒಣಗಲು ಹಾಕಿದೆ. ಮಗಳ ಬಿಳಿ ಶೂಗೆ ಸುಣ್ಣ ಬಳಿದೆ. ಸೋಮವಾರ ಬಿಳಿ ಶೂ, ಬೇರೆ ದಿನ ಕಪ್ಪು. ಅತ್ತೆ ಬಾಗಿಲಲ್ಲಿ ಕೋಲ, ಅಂದರೆ ರಂಗೋಲಿ, ಬಿಟ್ಟು ಬಂದು, ಗಡಿಯಾರ ನೋಡಿ, “ರಾಗುಕಾಲ ಹುಟ್ಟೋಕ್ ಮುಂಚೆ ಹೊಸ್ಲು ದಾಟ್ಬುಡ್ಬೇಕು, ಆಮ್ಯಾಲೆ ಕೋಯಮತ್ತೂರ್ಗೆ ಯಾವಾಗಾದ್ರೂ ಸೇರ್ಕೊಳ್ಳಿ” ಎಂದರು. ಆಪರೇಷನ್ನಿನ ಹೊತ್ತು ಡಾಕ್ಟರರದ್ದಾದರೂ ಹೊಸ್ತಿಲಿನ ಹೊತ್ತು ಅತ್ತೆಯದು.

ನಾನು ಕೊಳ್ಳೇಗಾಲದವಳು. ಅಲ್ಲಿಯ ಕಾನ್ವೆಂಟಿನಲ್ಲಿ ಓದಿ, ಸಿಸ್ಟರುಗಳಿಂದ ಅಂಚು ನೇರವಾಗಿ ಹೊಲಿಯುವುದನ್ನೂ ನಡುವೆ ಬಾಯಿ ಹಾಕಬೇಕಾದರೆ ಮೊದಲು ‘ಎಕ್ಸ್‌ಕ್ಯೂಸ್ ಮಿ’ ಅನ್ನುವುದನ್ನೂ ಕಲಿತವಳು. ಮದುವೆಯಾಗಿ ದಿಂಬಂ ಘಾಟಿ ಇಳಿದು ಬಂದೆ. ಗಂಡನ ಮನೆಯವರು ಎಷ್ಟೋ ತಲೆಮಾರಿನ ಹಿಂದೆ ಮಗ್ಗದ ಜೊತೆ ಈ ಕಡೆಗೆ ಬಂದವರು. ಈಗ ಮಗ್ಗವಿಲ್ಲ. ಇವರು ಪವರ್ ಟೇಬಲ್ ನಡೆಸುತ್ತಾರೆ, ಅಂದರೆ ಸಾಲಾಗಿ ಮೋಟಾರಿನ ಹೊಲಿಗೆ ಯಂತ್ರ ಹಾಕಿಕೊಂಡು ಬನಿಯನ್ ಕಂಪನಿಗಳು ಕತ್ತರಿಸಿ ಕಳಿಸಿದ್ದನ್ನು ಹೊಲಿದು ಕೊಡುವ ಕೆಲಸ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಮನೆಯಲ್ಲಿ ನನಗೊಬ್ಬಳಿಗೇ ಬರುವುದು. ಒಮ್ಮೆ ನನ್ನ ವಾರಪತ್ರಿಕೆಯನ್ನು ಇವರು ಬಹಳ ಹೊತ್ತು ಗಂಭೀರವಾಗಿ ನೋಡಿ, “ಎಲ್ಲಾ ಜಿಲೇಬಿ ಜಿಲೇಬಿಯಾಗಿ ಅದೆ” ಎಂದು ಮಡಚಿಟ್ಟಿದ್ದರು.

ಬಂದ ಹೊಸದರಲ್ಲಿ ನನ್ನನ್ನು ಗೊತ್ತಿಲ್ಲದ ಮಾತು ಕೆಡಿಸಲಿಲ್ಲ. ಗೊತ್ತಿರುವ ಹಾಗೆ ಕೇಳಿಸುವ ಮಾತು ಕೆಡಿಸಿತು. ಹಾಲಿನವನು “ಮಾಡು ಇಲ್ಲೆ” ಅಂದಾಗ ಏನು ಮಾಡಬೇಕೋ ತಿಳಿಯದೆ ಬಾಗಿಲಲ್ಲಿ ನಿಂತಿದ್ದೆ. ತಮಿಳಿನಲ್ಲಿ ‘ಮಾಡು’ ಅಂದರೆ ದನ, ‘ಇಲ್ಲೆ’ ಅಂದರೆ ಇಲ್ಲ. ಅದಕ್ಕೆಲ್ಲ ಮನೆಮಂದಿ ಜೊತೆಗೆ ನಾನೂ ನಕ್ಕಿದ್ದೆ. ಒಂದೇ ಒಂದು ಮಾತಿಗೆ ಮಾತ್ರ ನಗಲು ಆಗಿರಲಿಲ್ಲ, ಅದನ್ನು ಯಾರಿಗೂ ಹೇಳಿಯೂ ಇರಲಿಲ್ಲ.

ನನ್ನ ದೊಡ್ಡ ಮಗಳು ಹುಟ್ಟಿದಾಗಿನ ಮಾತು ಅದು. ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವುದೆಂದು ಪೆಟ್ಟಿಗೆ ಕಟ್ಟಿಟ್ಟಿದ್ದೆವು. ಅಷ್ಟರಲ್ಲಿ ನೀರು ಒಡೆಯಿತು. ಹತ್ತಿರದ ಆಸ್ಪತ್ರೆಗೆ ಓಡಿದೆವು. ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದು ಅವಸರದಲ್ಲಿ ಒಳಗೆ ಕರೆದುಕೊಂಡು ಹೋದರು. ಯಾರದೂ ತಪ್ಪಿಲ್ಲ, ಮಾಡಬೇಕಾದ್ದನ್ನೇ ಮಾಡಿದರು. ನನ್ನ ಬೆನ್ನಿಗೆ ಸೂಜಿ ಹಾಕಿದ್ದರಿಂದ ಎಚ್ಚರವಿತ್ತು, ಕಣ್ಣಿನ ಮುಂದೆ ಹಸಿರು ಪರದೆ. ಏನನ್ನೋ ಎಳೆದ ಹಾಗಾಯಿತು. ಅಳು ಕೇಳಲಿಲ್ಲ. ಆಮೇಲೆ ಪರದೆಯ ಆಚೆಯಿಂದ ಇಬ್ಬರು ನರ್ಸಮ್ಮಂದಿರ ದನಿ ಬಂತು, ಮೆಲ್ಲಗೆ: “ಪಾಪಾ... ಪಾಪಾ...”

ನಮ್ಮೂರಲ್ಲಿ ಪಾಪ ಅಂದರೆ ಅಯ್ಯೋ ಪಾಪ. ಸಾವಿನ ಮನೆಯ ಬಾಗಿಲಲ್ಲಿ ನಿಂತವರು ಆಡುವ ಮಾತು. ಚಪ್ಪಲಿಗಳು ಆಚೆ ಕೋಣೆಗೆ ಓಡಿದ ಸದ್ದಾಯಿತು. ಮತ್ತೆ ಯಾರೋ “ಪಾಪಾ” ಅಂದರು. ನನಗೆ ತಿಳಿದುಹೋಯಿತು ಅಂದುಕೊಂಡೆ. ಅಳತೊಡಗಿದೆ. ಒಬ್ಬಳು ಬಂದು ಬಗ್ಗಿ, “ವಲಿಕ್ಕುದಾ?” ಎಂದು ಕೇಳಿದಳು. ನೋವಾಗುತ್ತಿದೆಯೇ ಎಂದು ಕೇಳುತ್ತಿದ್ದಾಳೆ ಎಂಬುದೂ ಆಗ ನನಗೆ ತಿಳಿಯದು. ತಲೆಯಾಡಿಸಿದೆ. ಹೊಲಿಗೆ ಮುಗಿದು, ಹೊರಗೆ ತಂದು, ಅತ್ತೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ನನ್ನ ಪಕ್ಕಕ್ಕೆ ಇಟ್ಟು ಅದು ಸೀನುವವರೆಗೆ, ನನಗೆ ಮಗು ಇರಲಿಲ್ಲ. ಇಲ್ಲಿ ಪಾಪ್ಪಾ ಅಂದರೆ ಕೂಸು, ಅವರು ಕೂಸಿನ ಮಾತು ಆಡುತ್ತಿದ್ದರು ಅಷ್ಟೆ ಎಂದು ಗೊತ್ತಾಗಿದ್ದು ಆಮೇಲೆ. ಗೊತ್ತಾದ ಮೇಲೆ ಹೇಳಿಕೊಳ್ಳಲು ನಾಚಿಕೆ. ಕಾನ್ವೆಂಟಿನಲ್ಲಿ ಓದಿದವಳು ಒಂದು ಮಾತಿಗೆ ಇಷ್ಟು ಬೆದರಿದಳೇ ಅನ್ನುತ್ತಾರೆ.

ಅದೆಲ್ಲ ಆಗಿ ವರ್ಷಗಳಾದವು. ನನ್ನ ತಮಿಳಿಗೆ ಈಗ ತರಕಾರಿಯವಳೂ ಹೆದರುತ್ತಾಳೆ. ಆದರೂ ಎರಡನೆಯ ಬಸಿರು ನಿಂತು, ಇದಕ್ಕೂ ಆಪರೇಷನ್ನೇ, ದಿನ ಮೊದಲೇ ಗೊತ್ತುಮಾಡಿಕೊಳ್ಳೋಣ ಎಂದು ಕೋಯಮತ್ತೂರಿನ ಡಾಕ್ಟರು ಹೇಳಿದ ದಿನದಿಂದ ನನ್ನ ಕೈ ತಣ್ಣಗಾಗತೊಡಗಿತು. ಬೀದಿಯಲ್ಲಿ ಯಾರಾದರೂ ಮಗು ಎತ್ತಿಕೊಂಡು “ಪಾಪ್ಪಾ” ಅಂದರೆ ಎದೆ ಧಸಕ್ಕೆನ್ನುವುದು. ಅರ್ಥ ಗೊತ್ತಿದ್ದೂ ಹಾಗೆ. ಬುದ್ಧಿ ಕಲಿತದ್ದನ್ನು ಮೈ ಕಲಿತಿರಲಿಲ್ಲ.

ಒಂದು ಸಂಜೆ ಇವರು ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಇವರು ಮೊದಲು ನಕ್ಕರು. “ಪಾಪ್ಪಾಂದ್ರೆ ಪಾಪ್ಪಾ ತಾನೇ?” ಆಮೇಲೆ ನನ್ನ ಮುಖ ನೋಡಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು. “ಅಷ್ಟೊತ್ತೂ ನೀನು ಅಂಗೇ ಅಂದ್ಕೊಂಡಿದ್ಯಾ?” ಎಂದರು. “ನಾನು ಆಚೆ ಬಾಗ್ಲಲ್ಲೇ ನಿಂತಿದ್ನಲ್ಲ. ಪೆಣ್ ಪಾಪ್ಪಾ ಅಂತ ಹೇಳುದ್ರು, ಮುಟಾಯಿ ತರಕ್ ಹೋದೆ.”

ಅದೇ ನನಗೆ ತಡೆಯಲಾಗದ ವಿಷಯ. ನಾನು ಮಗು ಹೋಯಿತೆಂದು ಅಳುತ್ತಿದ್ದಾಗ ಇವರು ಗೋಡೆಯ ಆಚೆ ಮಿಠಾಯಿ ಹಂಚುತ್ತಿದ್ದರು.

ಹಾಗಾಗಿ ಈ ಸಲ ನನಗೆ ಬೇಕಾಗಿದ್ದು ಒಂದೇ. ಇವರು ಒಳಗೆ, ನನ್ನ ತಲೆಯ ಹತ್ತಿರ ಇರಬೇಕು. ಕೂಸು ಹೊರಗೆ ಬಂದ ಕ್ಷಣ ನನ್ನ ಕಿವಿಗೆ ನನ್ನ ಮಾತಿನಲ್ಲಿ ಹೇಳಬೇಕು. ಡಾಕ್ಟರರಿಗೆ ಇಂಗ್ಲಿಷಿನಲ್ಲಿ ಕೇಳಿದೆ. ಕಷ್ಟದ್ದನ್ನು ಕೇಳುವಾಗ ನನಗೆ ಇಂಗ್ಲಿಷೇ ಬರುವುದು. ಅವರು ಇವರನ್ನು ಕೂರಿಸಿಕೊಂಡು ನಿಯಮ ಹೇಳಿದರು. ಸೂಜಿ ಹಾಕಿ, ಬಟ್ಟೆ ಹೊದಿಸಿ ಆದ ಮೇಲೆಯೇ ಕರೆಯುವುದು. ಸ್ಟೂಲಿನಿಂದ ಏಳಬಾರದು. ಹಸಿರು ಬಣ್ಣದ್ದನ್ನು ಮುಟ್ಟಬಾರದು. ಪರದೆಯ ಮೇಲಿಂದ ಇಣುಕಬಾರದು. ಏನಾದರೂ ತೊಂದರೆಯಾಗಿ ಪೂರ್ತಿ ಮತ್ತು ಕೊಡಬೇಕಾದರೆ ಏಕೆ ಎಂದು ಕೇಳದೆ ಹೊರಗೆ ಹೋಗಬೇಕು. ಇವರು ಶಾಲೆಯ ಹುಡುಗನ ಹಾಗೆ ಕೈಕಟ್ಟಿ ಕೇಳಿಸಿಕೊಂಡರು.

“ತಲೆ ಸುತ್ತುತ್ತಾ ನಿಮಗೆ?” ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದರು.

“ಇಲ್ಲಿಂಗ” ಎಂದು ಇವರು ಇಲ್ಲವೆಂದು ತಲೆಯಾಡಿಸಿದರು.

ಮನೆಗೆ ಬಂದು ಹೇಳಿದರೆ ಅತ್ತೆ ಹುಣಸೆಹಣ್ಣು ಬಿಡಿಸುವುದು ಬಿಟ್ಟು ತಿರುಗಿದರು. “ಗಂಡಸ್ಗೆ ಅಲ್ಲೇನ್ ಕೆಲ್ಸ? ನಿಮ್ ಮಾವ ಒಂದ್ ಹೆರಿಗೆಗೂ ಬೀದಿ ಮೂಲೆ ಬಿಟ್ಟು ಒಳಕ್ ಬರ್ಲಿಲ್ಲ. ಇವನಂತೂ ಚಿಕ್ಕೋನಿದ್ದಾಗ ಮೂಗಲ್ಲಿ ರಗ್ತ ಬಂದ್ರೆ ಕನ್ನಡೀಲಿ ನೋಡ್ಕೊಂಡು ಬಿದ್ಬುಡ್ತಿದ್ದ.” ಬೇಡ ಎಂದು ಮಾತ್ರ ಅನ್ನಲಿಲ್ಲ. ಮಾರನೆಯ ದಿನ ಸಕ್ಕರೆಯನ್ನು ಸಣ್ಣ ಪೊಟ್ಟಣ ಕಟ್ಟಿ ಚೀಲದಲ್ಲಿಟ್ಟರು. ಯಾರಿಗೆ ಎಂದು ನಾನು ಕೇಳಲಿಲ್ಲ.

ಮಾತು ಯಾವುದು ಎಂದೂ ಇಬ್ಬರೂ ಒಪ್ಪಿಕೊಂಡೆವು. “ಕೂಸು ಬಂತು, ಚೆಂದಾಗದೆ.” ಪಾಪ್ಪಾ ಅನ್ನುವ ಹಾಗಿಲ್ಲ. ಇವರು ಅಭ್ಯಾಸ ಮಾಡಿದರು. ದಿನವೆಲ್ಲ ಯಂತ್ರದ ಸದ್ದಿನಲ್ಲಿ ಇರುವವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಬಚ್ಚಲಲ್ಲಿ ನಿಂತು “ಕೂಸು ಬಂತು” ಎಂದು ಕೂಗಿದರೆ ಎದುರು ಮನೆಯ ಅವ್ವ ಓಡಿಬಂದಿದ್ದೂ ಉಂಟು. ಮಗಳು ಬೊಂಬೆಯನ್ನು ದಿಂಬಿನ ಕೆಳಗಿನಿಂದ ಎಳೆದು ಎಳೆದು “ಕೂಸು ಬಂತು, ಚೆಂದಾಗದೆ” ಅನ್ನುತ್ತಿದ್ದಳು. ಅವಳು ಅಪ್ಪನಿಗಿಂತ ಚೆನ್ನಾಗಿ ಹೇಳುತ್ತಿದ್ದಳು.

ಅಂತೂ ಆ ಸೋಮವಾರ ರಾಹುಕಾಲ ಹುಟ್ಟುವ ಮೊದಲು ಹೊಸ್ತಿಲು ದಾಟಿದೆವು. ಮಗಳನ್ನು ಎದುರು ಮನೆಯ ಅವ್ವನ ಕೈಗೆ ಕೊಟ್ಟೆ. ಅವರೂ ಕನ್ನಡದ ಮನೆಯವರೇ, ಕಾಂಗೇಯದ ಕಡೆ ಹೊಲ ಮಾಡಿಕೊಂಡಿದ್ದು ಮಗನ ಜೊತೆ ಇಲ್ಲಿಗೆ ಬಂದವರು. ಸಂಜೆ ಸ್ಕೂಲು ಬಿಟ್ಟ ಮೇಲೆ ಅವಳನ್ನು ಕರೆದುಕೊಂಡು ಬರುವೆನೆಂದರು. ನನ್ನ ಅಮ್ಮ ಮಾರನೆಯ ದಿನ ಕೊಳ್ಳೇಗಾಲದಿಂದ ಬರುವವರಿದ್ದರು. ಕಾರಿನಲ್ಲಿ ಅತ್ತೆ ಮುಂದೆ, ನಾವಿಬ್ಬರು ಹಿಂದೆ. ಅವಿನಾಶಿ ರಸ್ತೆಯುದ್ದಕ್ಕೂ ಇವರ ತುಟಿ ಅಲ್ಲಾಡುತ್ತಿತ್ತು. ಹನುಮಂತನ ಸ್ಮರಣೆಯೋ, ಒಪ್ಪಿಕೊಂಡ ಮಾತೋ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಬಳೆ ಬಿಚ್ಚಿಸಿದರು. ಬಿಚ್ಚಲು ಬಾರದ ಒಂದನ್ನು ನರ್ಸಮ್ಮ ಸೋಪು ಹಚ್ಚಿ ತೆಗೆದಳು. ರಕ್ತದೊತ್ತಡ ನೋಡಿ, ಮತ್ತೆ ನೋಡಿ, “ಬಯಮಾ?” ಎಂದಳು. ಹೌದು ಎಂದೆ. “ಎಲ್ಲಾರಿಗೂ ಇರುತ್ತೆ ಅಕ್ಕಾ, ನನಗೇ ಇದೆ, ಇವತ್ತು ಮೊದಲ ಡ್ಯೂಟಿ” ಅಂದುಬಿಟ್ಟು, ಅಯ್ಯೋ ಎಂದು ನಾಲಿಗೆ ಕಚ್ಚಿಕೊಂಡಳು. ಥಿಯೇಟರಿನ ಬಾಗಿಲ ತನಕ ಇವರು ಗಾಲಿಮಂಚ ಹಿಡಿದುಕೊಂಡು ಬಂದರು. ಅಲ್ಲಿ ಇವರನ್ನು ಬಟ್ಟೆ ಬದಲಿಸಲು ಒಂದು ಕಡೆ ಕಳಿಸಿದರು, ನನ್ನನ್ನು ಇನ್ನೊಂದು ಕಡೆ.

ಒಳಗೆ ತಣ್ಣಗಿತ್ತು. ಕೂರಿಸಿ, ಬೆನ್ನನ್ನು ಬೆಕ್ಕಿನ ಹಾಗೆ ಬಾಗಿಸು ಎಂದರು. ಇಂಥ ಹೊಟ್ಟೆ ಇಟ್ಟುಕೊಂಡು ಯಾವ ಬೆಕ್ಕು ಬಾಗುತ್ತದೆ? ಆ ಹೊಸ ನರ್ಸಮ್ಮ ಮುಂದೆ ನಿಂತು ನನ್ನ ಹಣೆಯನ್ನು ತನ್ನ ಭುಜಕ್ಕೆ ಆನಿಸಿಕೊಂಡಳು. ಅವಳ ಕುತ್ತಿಗೆಯಲ್ಲಿ ಪೌಡರಿನ ವಾಸನೆ. ಸೂಜಿ ಹೋಯಿತು. ಕಾಲು ಬೆಚ್ಚಗಾಗಿ, ಭಾರವಾಗಿ, ಆಮೇಲೆ ನನ್ನದಲ್ಲದೆ ಹೋಯಿತು. ಮಲಗಿಸಿದರು. ಪರದೆ ಎದ್ದಿತು, ಅದೇ ಹಸಿರು. ಮತ್ತಿನ ಡಾಕ್ಟರು ಸ್ಪಿರಿಟ್ ಹತ್ತಿಯನ್ನು ಎಲ್ಲೆಲ್ಲೋ ತಾಗಿಸುತ್ತಾ ತಣ್ಣಗಿದೆಯೇ ಎಂದು ಕೇಳುತ್ತಿದ್ದರು. ನಾನು ಬಾಗಿಲು ನೋಡುತ್ತಿದ್ದೆ. ಬಾಗಿಲು ತೆರೆಯಲಿಲ್ಲ. ಶಾಲೆಯ ಬೆಳಗಿನ ಪ್ರಾರ್ಥನೆ ತಾನಾಗಿ ನೆನಪಾಯಿತು. ಹೇಳಿಕೊಳ್ಳಲು ಹೋದರೆ ಎರಡನೆಯ ಸಾಲಿನಿಂದ ಮುಂದೆ ಬರಲಿಲ್ಲ.

ಪರದೆಯ ಆಚೆ ಡಾಕ್ಟರು, “ಶುರು ಮಾಡೋಣವೇ?” ಎಂದು ಕೇಳಿದ್ದು ಕೇಳಿಸಿತು.

“ಎಕ್ಸ್‌ಕ್ಯೂಸ್ ಮಿ, ಡಾಕ್ಟರ್” ಎಂದೆ ನಾನು.

ಡಾಕ್ಟರು ಪರದೆಯ ಮೇಲಿಂದ ಕಣ್ಣು ತೋರಿಸಿ, “ಯೆಸ್, ಮಿಸ್?” ಎಂದರು.

“ನನ್ನ ಹಸ್ಬೆಂಡ್ ಇನ್ನೂ ಬಂದಿಲ್ಲ.”

ಆಗ ಬಾಗಿಲ ಆಚೆಯಿಂದಲೇ ನರ್ಸಮ್ಮನ ದನಿ ಬಂತು: “ಸಾರ್, ಮುನ್ನಾಡಿ ಇಲ್ಲಿಂಗ, ಪಿನ್ನಾಡಿ! ಪಿನ್ನಾಡಿ ಕಟ್ಟಣುಂಗ!” ಹಿಂದೆ ಕಟ್ಟಬೇಕಾದ ನಿಲುವಂಗಿಯನ್ನು ಇವರು ಮುಂದೆ ಕಟ್ಟಿಕೊಂಡು ಹೊರಟಿದ್ದರಂತೆ. ಲೋಕಕ್ಕೆಲ್ಲ ಬಟ್ಟೆ ಹೊಲಿದು ಕಳಿಸುವ ಮನುಷ್ಯ! ಡಾಕ್ಟರು ನಕ್ಕು, “ಕಾಯೋಣ” ಎಂದರು. ನನ್ನ ಎದೆಯ ಭಾರ ಅಷ್ಟರಮಟ್ಟಿಗೆ ಇಳಿಯಿತು.

ಇವರು ಬಂದು ಸ್ಟೂಲಿನಲ್ಲಿ ಕೂತರು. ಟೋಪಿ ಹುಬ್ಬಿನ ತನಕ ಇಳಿದಿತ್ತು. ಮೂಗು ಬಾಯಿಗೆ ಬಟ್ಟೆ ಕಟ್ಟಿದ್ದರಿಂದ ಮುಖದಲ್ಲಿ ಕಣ್ಣು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನನ್ನ ಕೈ ಹಿಡಿದರು. ಇವರ ಕೈ ನನ್ನದಕ್ಕಿಂತ ತಣ್ಣಗಿತ್ತು. ಏನಾದರೂ ಮಾತಾಡುತ್ತಾರೆ ಎಂದು ಕಾದೆ. ಧೈರ್ಯದ ಮಾತು, ದೇವರ ಮಾತು. ಇವರು ಪರದೆಯನ್ನೇ ನೋಡುತ್ತಿದ್ದರು.

“ಇದು ಓವರ್‌ಲಾಕ್ ಅಲ್ಲ” ಎಂದರು.

“ಏನು?”

“ಈ ಪಚ್ಚೆ ಬಟ್ಟೆ. ಅಂಚು ಮಡಿಸ್ಬುಟ್ಟು ಸಿಂಗಲ್ ನೀಡ್ಲ್ ಓಡ್ಸವ್ರೆ. ಇಲ್ಲಿ ನೋಡು, ನೂಲು ಲೂಸಾಗಿ ಬಿಟ್ಟವ್ರೆ. ನಾಲ್ಕು ಸಲ ಕುದಿಸುದ್ರೆ ಬಿಚ್ಕೊಳ್ಳುತ್ತೆ.”

ನೋಡಿದೆ. ನನ್ನ ಕಣ್ಣಿನ ನೇರಕ್ಕೆ ಅಂಚಿನ ಹೊಲಿಗೆ ನಿಜವಾಗಿಯೂ ಸಡಿಲವಾಗಿತ್ತು. ಒಂದು ಕಡೆ ಸಣ್ಣ ಕುಣಿಕೆಯ ಹಾಗೆ ಎದ್ದು ನಿಂತಿತ್ತು. ಕಾನ್ವೆಂಟಿನ ಸಿಸ್ಟರು ನೋಡಿದ್ದರೆ ಬಿಚ್ಚಿ ಮತ್ತೆ ಹೊಲಿಸುತ್ತಿದ್ದರು.

ಮತ್ತಿನ ಡಾಕ್ಟರು ನನ್ನ ತಲೆಯ ಹಿಂದಿನಿಂದ, “ಸಾರ್ ಗಾರ್ಮೆಂಟ್ಸಾ?” ಎಂದರು.

“ಪವರ್ ಟೇಬಲ್ ಇಂಗ.”

“ಹಾಗಾದರೆ ಹೇಳಿ, ನನ್ನ ಟೀಶರ್ಟಿನ ಕಾಲರು ಎರಡು ಸಲ ಒಗೆದರೆ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ, ಯಾಕೆ?”

ಆಮೇಲೆ ಇಬ್ಬರೂ ತಮಿಳಿನಲ್ಲಿ ಕಾಲರಿನ ಮಾತಿಗೆ ಇಳಿದರು. ಪರದೆಯ ಆಚೆ ನನ್ನ ಹೊಟ್ಟೆ ಕೊಯ್ಯುತ್ತಿದ್ದರು. ಈಚೆ ಇವರು ಕಾಲರಿನ ರಿಬ್ ಬಟ್ಟೆಯನ್ನು ಎಳೆದು ಹೊಲಿದರೆ ಏನಾಗುತ್ತದೆ ಎಂದು ವಿವರಿಸುತ್ತಿದ್ದರು. ನನಗೆ ಸಿಟ್ಟು ಬಂತು. ಒಳ್ಳೆಯ ಸಿಟ್ಟು, ಮನೆಯಲ್ಲಿ ದಿನವೂ ಬರುವಂಥದು. ಭಯಕ್ಕೆ ಜಾಗವಿಲ್ಲದಷ್ಟು ಅದು ತುಂಬಿಕೊಂಡಿತು. ಮನೆಗೆ ಹೋದ ಮೇಲೆ ವಿಚಾರಿಸಿಕೊಳ್ಳುತ್ತೇನೆ ಎಂದುಕೊಂಡೆ. ಮನೆಗೆ ಹೋಗುವ ಯೋಚನೆ ಆವತ್ತು ಬೆಳಗಿನಿಂದ ನನಗೆ ಬಂದದ್ದು ಅದೇ ಮೊದಲು.

ಆಮೇಲೆ ಎಳೆತ ಶುರುವಾಯಿತು. ನೋವಲ್ಲ. ಬಿಗಿದು ಕಟ್ಟಿದ ಬಟ್ಟೆಯ ಮೂಟೆಯೊಳಗೆ ಯಾರೋ ಮೊಣಕೈ ತನಕ ಕೈ ಹಾಕಿ ಕೆಳಗಿನದನ್ನು ಎಳೆದ ಹಾಗೆ. ಮೇಜು ಅಲ್ಲಾಡಿತು. ಇವರ ಮಾತು ಅರ್ಧಕ್ಕೆ ನಿಂತಿತು. ಪರದೆಯ ಮೇಲಿಂದ ನೋಡಬೇಡಿ ಎಂದಿದ್ದರು, ಇವರು ನೋಡಿರಲಿಲ್ಲ. ಆದರೆ ನೆತ್ತಿಯ ಮೇಲಿನ ದೊಡ್ಡ ದೀಪಕ್ಕೆ ಕನ್ನಡಿಯ ಹಾಗೆ ಹೊಳೆಯುವ ಸ್ಟೀಲಿನ ಅಂಚಿತ್ತು. ಮೇಲೆ ನೋಡಬೇಡಿ ಎಂದು ಯಾರೂ ಹೇಳಿರಲಿಲ್ಲ.

ಏನೋ ಜಾರಿದ ಹಾಗಾಗಿ ಹೊಟ್ಟೆ ಹಗುರಾಯಿತು. ಆಗ ಬಂತು ಅದು, ಅದೇ ಮೆಲ್ಲನೆಯ ದನಿಯಲ್ಲಿ.

“ಪಾಪ್ಪಾ... ಪಾಪ್ಪಾ...”

ಅರ್ಥ ಗೊತ್ತಿತ್ತು. ಆದರೂ ಇವರ ಕಡೆ ತಿರುಗಿದೆ. ಈಗ ಹೇಳಿ. ಇದೇ ಹೊತ್ತು. ಬಚ್ಚಲಲ್ಲಿ ಕೂಗಿದಿರಲ್ಲ, ಅದನ್ನು ಈಗ ಹೇಳಿ. ಇವರ ಮುಖದ ಬಟ್ಟೆ ಒಳಕ್ಕೆ ಹೋಯಿತು, ಹೊರಕ್ಕೆ ಬಂತು. ತುಟಿ ಅಲ್ಲಾಡುತ್ತಿದ್ದದ್ದು ತಿಳಿಯುತ್ತಿತ್ತು. ಸದ್ದು ಮಾತ್ರ ಇಲ್ಲ.

ಅಷ್ಟರಲ್ಲಿ ಹೊಸ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಪರ್ರನೆ ಹರಿದ ಹಾಗೆ ಅಳು ಎದ್ದಿತು. ಹರಿಯುತ್ತಲೇ ಹೋಯಿತು. ಅಳುತ್ತಿದೆ, ಇದೆ ಎಂದು ಗೊತ್ತಾಯಿತು. ಆದರೂ ನಾನು ಇವರ ಬಾಯಿಯನ್ನೇ ನೋಡುತ್ತಿದ್ದೆ. ಒಪ್ಪಿಕೊಂಡ ಮಾತು ಬರಬೇಕಿತ್ತಲ್ಲ. ಇವರ ಟೋಪಿಯ ಕೆಳಗಿನಿಂದ ಬೆವರು ಇಳಿಯುತ್ತಿತ್ತು. ಕಣ್ಣು ದೊಡ್ಡದಾಗಿ, ತುಂಬಿ, ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನ ಹಾಗೆ ನನ್ನನ್ನೇ ನೋಡುತ್ತಿದ್ದರು. ಕಣ್ಣಿನ ಸುತ್ತ ಬಣ್ಣ ಹೋಗಿ ಬೂದಿಯಾಗಿತ್ತು. ನನಗೆ ತಡೆಯಲಾಗಲಿಲ್ಲ.

“ಅಯ್ಯೋ, ಪಾಪ!” ಎಂದೆ.

ಇವರನ್ನು ನೋಡಿ ಅಂದದ್ದು ಅದು. ಆದರೆ ಆ ಹೊಸ ನರ್ಸಮ್ಮ ಆಚೆಯಿಂದ, “ಪಾಪ್ಪಾವಾ? ಇದೋ ಅಕ್ಕಾ, ಇದೋ, ಇದೋ!” ಎಂದು, ಅರ್ಧಂಬರ್ಧ ಒರೆಸಿದ ಕೂಸನ್ನು ಎತ್ತಿಕೊಂಡು ಓಡಿಬಂದು ನನ್ನ ಕೆನ್ನೆಗೆ ಒತ್ತಿ ಹಿಡಿದಳು. ಬಿಸಿ, ಒದ್ದೆ. ನನ್ನ ಮೂಗಿನ ಹತ್ತಿರವೇ ಅದರ ಮೂಗು. ಅದು ಅಳು ನಿಲ್ಲಿಸಿ ನನ್ನ ಉಸಿರು ಕೇಳಿಸಿಕೊಂಡಿತು. ಮತ್ತೆ ಹೆಣ್ಣೇ. ಅವಳ ಎಡಗಿವಿಯ ಮೇಲ್ತುದಿ ಇವರದರ ಹಾಗೆ ಮಡಚಿಕೊಂಡಿತ್ತು.

ನಾನು ನಗುತ್ತಿದ್ದೆ. ನಕ್ಕರೆ ಹೊಲಿಗೆ ಹಾಕಲು ಕಷ್ಟ, ಸ್ವಲ್ಪ ತಡೆಯಿರಿ ಎಂದು ಡಾಕ್ಟರು ಆಚೆಯಿಂದ ಅಂದರು. ಮತ್ತಿನ ಡಾಕ್ಟರು ಇವರ ಭುಜ ಹಿಡಿದು, “ಸಾರ್, ಮೆಲ್ಲಗೆ ಏಳಿ, ಹೊರಗೆ ಗಾಳಿ ತೆಗೆದುಕೊಳ್ಳಿ” ಎಂದು ಕಳಿಸಿದರು. ಹೊರಗೆ ಅತ್ತೆ ಸಕ್ಕರೆ ಪೊಟ್ಟಣ ಬಿಚ್ಚಿಕೊಂಡು ಕಾಯುತ್ತಿದ್ದರಂತೆ. ಮಗನ ಬಾಯಿಗೆ ಹಾಕಿ, ನೀರು ಕುಡಿಸಿ, ಆಮೇಲೆಯೇ ಮಗು ಗಂಡೋ ಹೆಣ್ಣೋ ಎಂದು ಕೇಳಿದರಂತೆ.

ಮಧ್ಯಾಹ್ನ ವಾರ್ಡಿನಲ್ಲಿ ಕಾಲು ಇನ್ನೂ ಹಿಂದಿರುಗಿರಲಿಲ್ಲ. ಕೂಸಿಗೆ ಹೊಸ ಬಟ್ಟೆ ಹಾಕಬಾರದೆಂದು ಅತ್ತೆ ಇವರ ಹಳೆಯ ಬನಿಯನ್ನನ್ನು ಒಗೆದು ಒಗೆದು ಮೆತ್ತಗೆ ಮಾಡಿ ತಂದಿದ್ದರು. ಅವಳು ಅದರೊಳಗೆ ಮಲಗಿದ್ದಳು. ನನಗೆ ನೀರು ಕೊಡಬಹುದು, ಒಂದೊಂದು ಗುಟುಕು ಎಂದು ನರ್ಸಮ್ಮ ಹೇಳಿಹೋದಳು. ಇವರು ಬೆಳಗ್ಗೆ ತುಂಬಿಸಿಟ್ಟಿದ್ದ ಬಾಟಲಿ ತೆಗೆದು, ಮುಚ್ಚಳದಲ್ಲಿ ಸುರಿದು, ನನ್ನ ತುಟಿಗೆ ಹಿಡಿದರು. ಅರ್ಧ ಕತ್ತಿಗೆ ಚೆಲ್ಲಿತು. ಚೆಲ್ಲಿದ್ದನ್ನು ತೋಳಿನಿಂದ ಒರೆಸಿದರು. ಆಮೇಲೆ ಸುತ್ತ ನೋಡಿ, ಅತ್ತೆ ಕಿಟಕಿಯ ಕಡೆ ಇದ್ದಾರೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿದರು.

“ಕೂಸು ಬಂತು, ಚೆಂದಾಗದೆ” ಎಂದರು.

“ಗೊತ್ತು” ಎಂದೆ.

“ಇಲ್ಲ, ಹೇಳ್ತೀನಿ ಅಂದಿದ್ನಲ್ಲ.”

ಹೇಳಬೇಕಾದ ಹೊತ್ತಿನಲ್ಲಿ ಇವರು ಏನೂ ಹೇಳಲಿಲ್ಲ ನಿಜ. ಆದರೆ ಹಿಂದಿನ ಸಲ ಆ ಹೊತ್ತಿಗೆ ನನ್ನ ಕಣ್ಣಿಗೆ ಇದ್ದದ್ದು ಪರದೆಯೊಂದೇ. ಈ ಸಲ ಪರದೆಯ ಹೊಲಿಗೆ ಸರಿಯಿಲ್ಲವೆಂದು ಗೊತ್ತಿತ್ತು. ನೋಡಲು ನನಗಿಂತ ಹೆದರಿದ ಒಂದು ಮುಖವೂ ಇತ್ತು. ಇಷ್ಟೇ ವ್ಯತ್ಯಾಸ. ನನಗೆ ಅದು ಸಾಕಾಯಿತು.

ಸಂಜೆ ಎದುರು ಮನೆಯ ಅವ್ವ ಮಗಳನ್ನು ಕರೆದುಕೊಂಡು ಬಂದರು. ತಿರುಪ್ಪೂರಿನಿಂದ ಕೋಯಮತ್ತೂರಿನ ಗಾಂಧಿಪುರಕ್ಕೆ ಒಂದು ಬಸ್ಸು, ಅಲ್ಲಿಂದ ಟೌನ್ ಬಸ್ಸು. ಗಾಂಧಿಪುರದ ಸ್ಟ್ಯಾಂಡಿನಲ್ಲಿ ಇಳಿದು ಮಲ್ಲಿಗೆ ಕೊಂಡಿದ್ದರು. ನನ್ನ ತಲೆಗೆ ಮುಡಿಸಲು ನೋಡಿ, ದಿಂಬಿಗೆ ಒರಗಿದ್ದರಿಂದ ಆಗದೆ, ಮಂಚದ ಸರಳಿಗೆ ಸುತ್ತಿದರು. ಮಗಳು ಬಿಳಿ ಶೂ ಬಿಚ್ಚದೆಯೇ ತಂಗಿಯ ಮುಖಕ್ಕೆ ಮುಖ ಇಟ್ಟು ನೋಡಿ, ಅಪ್ಪನ ಕಡೆ ತಿರುಗಿದಳು.

“ಅಪ್ಪಾ, ಹೇಳಿದ್ಯಾ?”

ಇವರು ನನ್ನನ್ನು ನೋಡಿದರು.

“ಹೇಳಿದರು” ಎಂದೆ ನಾನು. “ಚೆನ್ನಾಗಿ ಹೇಳಿದರು.”

ಅತ್ತೆ ಅಷ್ಟಕ್ಕೆ ಬಿಡುವವರಲ್ಲ. “ಏನ್ ಹೇಳ್ದ? ಗೋಡೆ ಹಿಡ್ಕೊಂಡ್ ಬಂದ. ಸಕ್ಕರೆ ನಾನು ತಿನ್ನಿಸ್ದೆ” ಎಂದು ಎದ್ದದ್ದು ಬಿದ್ದದ್ದು ಎಲ್ಲವನ್ನೂ ಅವ್ವನಿಗೆ ಒಪ್ಪಿಸಿದರು. ಬೀಳದಿದ್ದದ್ದನ್ನೂ ಬೀಳಿಸಿದರು. ಇವರು ಕೂಸಿನ ಮೈಮೇಲಿನ ಬನಿಯನ್ನಿನ ಅಂಚನ್ನು ಬೆರಳಿನಲ್ಲಿ ತಿರುವಿ ನೋಡುತ್ತಾ ಕೂತಿದ್ದರು.

ಅವ್ವ ಎಲ್ಲ ಕೇಳಿಸಿಕೊಂಡು, ಚೀಲದಿಂದ ಎಲೆಯಡಿಕೆ ತೆಗೆದು, ಆಸ್ಪತ್ರೆ ಎಂದು ನೆನಪಾಗಿ ಮತ್ತೆ ಒಳಗಿಟ್ಟರು.

“ಒಳಗ್ ಕೂತಿದ್ನಲ್ಲ ಬುಡು, ಅಷ್ಟು ಪೋದುಂ, ಸಾಕು. ನನ್ ಮಗ ಹುಟ್ಟಿದ್ ದಿನ ನಮ್ಮನೆಯವ್ರು ಕಾಂಗೇಯಂ ಸಂತೆಗೆ ಮಾಡು ಹಿಡಿಯಕ್ ಹೋಗಿದ್ರು” ಎಂದರು. ಬಾಗಿಲ ತನಕ ಹೋದವರು ತಿರುಗಿ, “ಸುಮ್ನೆ ಹೇಳ್ಬಾರ್ದು ಅಮ್ಮಿಣಿ, ಮಾಡು ಒಳ್ಳೆ ಮಾಡು” ಎಂದರು.